ಮಗು ಹೋದ ಮನೆಯಲ್ಲಿ ದೇವರ ಮೇಲಿನ ವಿಶ್ವಾಸ: ಪಂಡಿತಾ ರಮಾಬಾಯಿ ಬದುಕು ಹೇಳುವುದೇನು?

ಸೊಲ್ಲಾಪುರ: ಪುತ್ರಶೋಕಂ ನಿರಂತರಂ ಎನ್ನುತ್ತಾರೆ. ತಂದೆ ತಾಯಿ ತೀರಿಕೊಂಡ ದುಃಖ ವರ್ಷ ಕಳೆದಂತೆ ತಿಳಿಯಾಗುತ್ತದೆ. ಮಗು ಹೋದರೆ ಹಾಗಲ್ಲ. ಅಕ್ಕಲಕೋಟ, ದುಧನಿ, ಮೈಂದರ್ಗಿ, ಹೋಟಗಿ ಕಡೆಯ ಹಳ್ಳಿಗಳಲ್ಲಿ ಇಂಥ ಸಾವಾದ ಮನೆಗೆ ಹೋದರೆ ಸಮಾಧಾನದ ಮಾತುಗಳು ಎರಡೂ ಭಾಷೆಯಲ್ಲಿ ಕಿವಿಗೆ ಬೀಳುತ್ತವೆ. "ದೇವರಿಗೆ ಬೇಕಾಗಿತ್ತು, ಕರಕೊಂಡ" ಎಂದು ಒಬ್ಬರು ಕನ್ನಡದಲ್ಲಿ. "ದೇವಾಜ್ಞಾ ಝಾಲಿ" ಎಂದು ಇನ್ನೊಬ್ಬರು ಮರಾಠಿಯಲ್ಲಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಕೇಳಿ ಗೋಡೆಗೆ ಒರಗಿ ಕೂತ ತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಬೇರೆ. ಕೊಟ್ಟವನೇ ಕಸಿದುಕೊಂಡನೆ? ಅಂಥವನನ್ನು ಇನ್ನು ನಂಬುವುದು ಹೇಗೆ?

ಈ ಪ್ರಶ್ನೆ ಯಾವುದೋ ಒಂದು ಧರ್ಮಕ್ಕೆ ಸೇರಿದ್ದಲ್ಲ. ಆದರೂ ಕ್ರೈಸ್ತ ಮನೆಗಳಲ್ಲಿ ಅದು ಸ್ವಲ್ಪ ಬೇರೆ ರೀತಿಯಲ್ಲಿ ಚುಚ್ಚುತ್ತದೆ. ಅಲ್ಲಿ ದೇವರನ್ನು ಪ್ರತಿದಿನ "ತಂದೆಯೇ" ಎಂದು ಕರೆದು ಪ್ರಾರ್ಥನೆ ಮಾಡುತ್ತಾರೆ. ಮಗನನ್ನೋ ಮಗಳನ್ನೋ ಮಣ್ಣಿಗೆ ಕೊಟ್ಟು ಬಂದ ರಾತ್ರಿ ಅದೇ ಪ್ರಾರ್ಥನೆ ಹೇಳಬೇಕು. ತಂದೆ ಎನ್ನುವ ಮೊದಲ ಶಬ್ದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಸೊಲ್ಲಾಪುರ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಕಡಿಮೆ. ಅಮೆರಿಕನ್ ಮರಾಠಿ ಮಿಷನ್ 1860ರ ದಶಕದಲ್ಲಿ ಸೊಲ್ಲಾಪುರದಲ್ಲಿ ನೆಲೆ ನಿಂತ ಮೇಲೆ ಇಲ್ಲಿ ಶಾಲೆ, ಚರ್ಚುಗಳು ಬೆಳೆದವು. ಅವುಗಳ ಭಾಷೆ ಹೆಚ್ಚಾಗಿ ಮರಾಠಿ. ಗಡಿಯ ಆಚೆ ಕಲಬುರ್ಗಿ, ಬೀದರ ಕಡೆ ಮೆಥೋಡಿಸ್ಟ್ ಚರ್ಚು, ವಿಜಯಪುರದಲ್ಲಿ ಬಾಸೆಲ್ ಮಿಷನ್ ಪರಂಪರೆಯ ಚರ್ಚು, ಎರಡೂ ಕನ್ನಡದವು. ಹೀಗಾಗಿ ಎರಡೂ ಭಾಷೆ ಬಲ್ಲ ಗಡಿಯ ಕ್ರೈಸ್ತರಿಗೆ ಒಂದೇ ಗ್ರಂಥ ಎರಡು ಹೆಸರಿನಲ್ಲಿ ಸಿಗುತ್ತದೆ. ಕನ್ನಡದಲ್ಲಿ ಅದು ಸತ್ಯವೇದ, ಮರಾಠಿಯಲ್ಲಿ ಪವಿತ್ರ ಶಾಸ್ತ್ರ. ಇಲ್ಲಿಯ ಯೋಬ ಅಲ್ಲಿ ಈಯೋಬ. ಆ ಮರಾಠಿ ಶಾಸ್ತ್ರದ ಜೊತೆಗೇ ಒಬ್ಬ ತಾಯಿಯ ಕಥೆ ಸೇರಿಕೊಂಡಿದೆ. ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ, ಹೆಸರು ಮಾಡಿದ್ದು ಮಹಾರಾಷ್ಟ್ರದಲ್ಲಿ. ಅವರೇ ಪಂಡಿತಾ ರಮಾಬಾಯಿ.

ರೈಲುಮಾರ್ಗದ ಮೇಲಿನ ಎರಡು ಊರು

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ರಮಾಬಾಯಿಯವರು 1890ರ ದಶಕದಲ್ಲಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. ಅದೇ ಮಾರ್ಗದಲ್ಲಿ ಸೊಲ್ಲಾಪುರದಿಂದ ಇನ್ನೊಂದು ದಿಕ್ಕಿಗೆ ಹೊರಟರೆ ಹೋಟಗಿ, ಅಕ್ಕಲಕೋಟ ರೋಡ್, ದುಧನಿ ದಾಟಿ ಕಲಬುರ್ಗಿ. ಅಲ್ಲಿ 1912ರ ಸುಮಾರಿಗೆ ರಮಾಬಾಯಿಯವರು ಒಂದು ಶಾಲೆ ತೆರೆದರು. ಅದನ್ನು ನಡೆಸಿದವಳು ಅವರ ಒಬ್ಬಳೇ ಮಗಳು ಮನೋರಮಾ. ಆಗ ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟ ಭೋಸಲೆ ಅರಸರದು, ಕಲಬುರ್ಗಿ ನಿಜಾಮನದು. ಮೂರು ಆಳ್ವಿಕೆ, ಒಂದೇ ರೈಲು. ಕೇಡಗಾಂವ್‌ನಿಂದ ಕಲಬುರ್ಗಿಗೆ ಹೋಗುವ ದಾರಿ ಎಂದರೆ ನಮ್ಮ ಊರುಗಳ ನಡುವಿನ ದಾರಿಯೇ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಎದುರಿಸಿ ಕಾಡಿನಲ್ಲಿ ಮನೆ ಮಾಡಿಕೊಂಡವರು. ಮುಂದೆ ಆ ಕುಟುಂಬ ಊರೂರು ತಿರುಗುತ್ತ ಪುರಾಣ ಹೇಳಿ ಬದುಕಿತು. 1870ರ ದಶಕದ ಬರಗಾಲ ಅವರನ್ನು ಮುರಿಯಿತು. ಇದ್ದ ಹಣವೆಲ್ಲ ದೇವರಿಗೆ, ದಾನಕ್ಕೆ ಹೋಯಿತು. ಉಪವಾಸ, ಜಪ, ತೀರ್ಥಯಾತ್ರೆ ಎಲ್ಲ ಆಯಿತು. ಕೊನೆಗೆ ಎಲೆ, ಕಾಡುಕಾಯಿ ತಿಂದು ನೀರು ಕುಡಿದು ದಿನ ನೂಕುವ ಹೊತ್ತು ಬಂತು. ತಂದೆ ಹೋದರು, ತಾಯಿ ಹೋದರು, ಅಕ್ಕ ಹೋದಳು. ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದರು. 1878ರಲ್ಲಿ ಕಲ್ಕತ್ತದ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಶ್ರೀನಿವಾಸನೂ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರೊಂದಿಗೆ ಮದುವೆ. 1881ರ ಏಪ್ರಿಲ್‌ನಲ್ಲಿ ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಕಾಲರಾ ಬಂದು ಗಂಡ ಹೋದರು.

ಇಪ್ಪತ್ತನಾಲ್ಕು ತುಂಬುವುದರೊಳಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರೂ ಹೋಗಿ ಆಕೆಯ ಕೈಯಲ್ಲಿ ಉಳಿದದ್ದು ಒಂದು ಹಸುಗೂಸು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು. ಮಗಳು ಚಿಕ್ಕಂದಿನಲ್ಲಿ ಕೆಲಕಾಲ ಅಲ್ಲಿಯ ಕ್ರೈಸ್ತ ಸಂನ್ಯಾಸಿನಿಯರ ಬಳಿ ಬೆಳೆದಳು. ಆಕೆಗೆ ಏನು ಕಲಿಸಬೇಕು, ಏನು ಕಲಿಸಬಾರದು ಎಂದು ರಮಾಬಾಯಿ ಆ ಸಂನ್ಯಾಸಿನಿಯರ ಜೊತೆ ಪತ್ರದಲ್ಲಿ ಜಗಳವಾಡಿದ್ದೂ ಉಂಟು. ತಾವೇ ಒಪ್ಪದ ಮಾತನ್ನು ಮಗಳ ತಲೆಗೆ ತುಂಬುವುದು ಬೇಡ ಎನ್ನುವುದು ಅವರ ಹಟ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ರಮಾಬಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಭಕ್ತೆ ಆಗಿರಲಿಲ್ಲ. ಹೊಸ ಧರ್ಮಕ್ಕೆ ಬಂದ ಮೇಲೂ ಪ್ರಶ್ನೆ ಕೇಳುತ್ತಲೇ ಇದ್ದವರು.

ಮನೋರಮಾ ಬಿ.ಎ. ಓದಿದಳು, ಅಮೆರಿಕದಲ್ಲೂ ಕಲಿತಳು, ಮರಳಿ ಬಂದು ತಾಯಿಯ ಬಲಗೈ ಆದಳು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ, 1900ರಲ್ಲಿ ಗುಜರಾತದಿಂದ ರಮಾಬಾಯಿ ಕರೆತಂದ ಅನಾಥ ಹೆಣ್ಣುಮಕ್ಕಳಿಂದ ಮುಕ್ತಿ ತುಂಬಿತ್ತು. ಒಂದು ಕಾಲಕ್ಕೆ ಸುಮಾರು 2000 ಮಂದಿ ಅಲ್ಲಿದ್ದರು. ವಯಸ್ಸಾಗಿ, ಕಿವಿ ಮಂದವಾಗಿದ್ದ ರಮಾಬಾಯಿ ತಮ್ಮ ನಂತರ ಎಲ್ಲವನ್ನೂ ಮಗಳು ನೋಡಿಕೊಳ್ಳಲಿ ಎಂದು ನಿಶ್ಚಯಿಸಿದರು. ಆದರೆ 1921ರ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡಳು. ತಾಯಿಗೆ ಆಗ ಅರವತ್ಮೂರು.

ಹರಕೆಯ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು. ರಮಾಬಾಯಿ ಬದುಕಿನಲ್ಲಿ ಒಂದೇ ಪರೀಕ್ಷೆ ಎರಡು ಸಲ ಬಂತು.

ಮೊದಲನೆಯದು ಬರಗಾಲದ ವರ್ಷಗಳಲ್ಲಿ. ಮಾಡಬೇಕಾದದ್ದನ್ನೆಲ್ಲ ಮಾಡಿಯೂ ಹೆತ್ತವರು ಹಸಿವಿನಿಂದ ಸತ್ತರು. ಆಗ ತಮ್ಮ ನಂಬಿಕೆ ಹೇಗೆ ಅಲುಗಾಡಿತು ಎನ್ನುವುದನ್ನು ಅವರೇ 1907ರ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಎರಡನೆಯದು 1921ರಲ್ಲಿ. ಈಗಲೂ ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು. ಸಾವಿರಾರು ಅನಾಥ ಮಕ್ಕಳಿಗೆ ತಾಯಿಯಾಗಿದ್ದರು. ದಿನವೂ ಪ್ರಾರ್ಥನೆ ನಡೆಯುವ ಸಂಸ್ಥೆ ಅವರದು. ಆದರೂ ಹೆತ್ತ ಒಂದೇ ಮಗಳು ಉಳಿಯಲಿಲ್ಲ. ಮೊದಲ ಸಲ ಬಿಟ್ಟ ನಂಬಿಕೆಯನ್ನು ಎರಡನೆಯ ಸಲವೂ ಬಿಡಬೇಕಾಗಿತ್ತಲ್ಲ? ಬಿಡಲಿಲ್ಲ. ಯಾಕೆ?

ಇದನ್ನು ಆ ಧರ್ಮ ಸುಳ್ಳು, ಈ ಧರ್ಮ ಖರೆ ಎಂಬ ವಾದಕ್ಕೆ ಎಳೆದರೆ ವಿಷಯವೇ ಕೈತಪ್ಪುತ್ತದೆ. ವ್ಯತ್ಯಾಸ ಬೇರೆ ಕಡೆ ಇದೆ. ಗಡಿಭಾಗದ ಓದುಗರಿಗೆ ಅದನ್ನು ಒಂದೇ ಶಬ್ದದಲ್ಲಿ ಹೇಳಬಹುದು. ಕನ್ನಡದಲ್ಲಿ ಹರಕೆ, ಮರಾಠಿಯಲ್ಲಿ ನವಸ. ನಾನು ಇಷ್ಟು ಕೊಡುತ್ತೇನೆ, ನೀನು ಅಷ್ಟು ಕೊಡು. ಕೊಟ್ಟರೆ ನಡೆದುಕೊಳ್ಳುತ್ತೇನೆ. ಹರಕೆ ಹೊರುವುದು ಯಾವ ಧರ್ಮದ ಸ್ವತ್ತೂ ಅಲ್ಲ. ದರ್ಗಾದಲ್ಲಿ ಉಂಟು, ಗುಡಿಯಲ್ಲಿ ಉಂಟು, ಮೇಣದಬತ್ತಿ ಹಚ್ಚುವ ಚರ್ಚಿನಲ್ಲೂ ಉಂಟು. ಕಷ್ಟದಲ್ಲಿದ್ದ ಮನುಷ್ಯ ದೇವರ ಹತ್ತಿರ ಚೌಕಾಶಿಗೆ ಇಳಿಯುವುದನ್ನು ಯಾರೂ ತಪ್ಪು ಎನ್ನಲಾರರು. ಆದರೆ ಮಗು ಸತ್ತ ದಿನ ಆ ಲೆಕ್ಕ ಮುಗಿದು ಹೋಗುತ್ತದೆ. ಕೇಳಿದ್ದನ್ನು ದೇವರು ಕೊಡಲಿಲ್ಲ. ಇನ್ನು ನಾನೇಕೆ ನಡೆದುಕೊಳ್ಳಲಿ?

ಸತ್ಯವೇದದ ಯೋಬನ ಗ್ರಂಥ ಶುರುವಾಗುವುದೇ ಈ ಪ್ರಶ್ನೆಯಿಂದ. ಯೋಬನಿಗೆ ಏಳು ಗಂಡು, ಮೂರು ಹೆಣ್ಣು ಮಕ್ಕಳು, ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ. ಇಷ್ಟೆಲ್ಲ ಇರುವವನು ಭಕ್ತಿ ಮಾಡದೆ ಇನ್ನೇನು ಮಾಡುತ್ತಾನೆ, ಕಸಿದುಕೊಂಡು ನೋಡು ಎಂದು ಸೈತಾನ ಸವಾಲು ಹಾಕುತ್ತಾನೆ. ಒಂದೇ ದಿನ ಹತ್ತೂ ಮಕ್ಕಳು ಸಾಯುತ್ತಾರೆ. ಮುಂದೆ ನಲವತ್ತು ಅಧ್ಯಾಯದ ತನಕ ಯೋಬ ಸುಮ್ಮನಿರುವುದಿಲ್ಲ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ನ್ಯಾಯಕ್ಕೆ ಕರೆಯುತ್ತಾನೆ. ಅವನು ಕೇಳಿದ್ದಕ್ಕೆ ಕಾರಣ ಸಿಗುವುದೇ ಇಲ್ಲ. ದೇವರು ಮಾತಾಡುತ್ತಾನೆ, ಆದರೆ ಮಕ್ಕಳು ಯಾಕೆ ಸತ್ತರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಗ್ರಂಥವನ್ನು ಬರೀ ತಾಳ್ಮೆಯ ಕಥೆ ಎಂದು ಹೇಳುವ ಪ್ರಸಂಗಿಗಳು ನಡುವಿನ ಅಧ್ಯಾಯಗಳನ್ನು ಓದಿದ್ದಾರೋ ಇಲ್ಲವೋ ಎಂಬ ಅನುಮಾನ ಬರುತ್ತದೆ.

ಕೊನೆಯಲ್ಲಿ ಒಂದು ಸಣ್ಣ ಲೆಕ್ಕ ಇದೆ. ಹೋದದ್ದೆಲ್ಲ ಯೋಬನಿಗೆ ಎರಡರಷ್ಟು ಬಂತು. ಕುರಿ ಹದಿನಾಲ್ಕು ಸಾವಿರ ಆದವು, ಒಂಟೆ ಆರು ಸಾವಿರ. ಮಕ್ಕಳು ಮಾತ್ರ ಮತ್ತೆ ಏಳು ಗಂಡು, ಮೂರು ಹೆಣ್ಣು. ಎರಡರಷ್ಟು ಆಗಲಿಲ್ಲ. ಹಳೆಯ ವ್ಯಾಖ್ಯಾನಕಾರರು ಇದಕ್ಕೆ ಕೊಟ್ಟ ಅರ್ಥ ಹೀಗಿದೆ: ಸತ್ತ ಕುರಿಗಳು ಲೆಕ್ಕದಿಂದ ಹೋದವು, ಸತ್ತ ಮಕ್ಕಳು ಹೋಗಲಿಲ್ಲ. ಅವರು ದೇವರ ಹತ್ತಿರ ಇದ್ದಾರೆ, ಹತ್ತಕ್ಕೆ ಹತ್ತು ಸೇರಿ ಇಪ್ಪತ್ತೇ ಆಯಿತು. "ಇನ್ನೊಂದು ಹಡದರಾತು ಬಿಡ" ಎಂದು ಮಗು ಕಳೆದುಕೊಂಡವಳಿಗೆ ಹೇಳುವವರು ಈ ಲೆಕ್ಕ ಒಂದು ಸಲ ನೋಡಬೇಕು. ಒಂದು ಮಗುವಿನ ಜಾಗಕ್ಕೆ ಇನ್ನೊಂದು ಮಗು ಬರುವುದಿಲ್ಲ.

ಮತ್ತೆ ರಮಾಬಾಯಿಯ ಕಡೆ ಬರೋಣ. ಮಗಳು ಹೋದ ಹೊತ್ತಿಗೆ ಅವರ ಮೇಜಿನ ಮೇಲೆ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಹೀಬ್ರೂ, ಗ್ರೀಕ್ ಭಾಷೆ ತಾವೇ ಕಲಿತು, ಹಳ್ಳಿಯ ಓದು ಕಡಿಮೆಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸುವ ಕೆಲಸ. ಅನುವಾದ ಅವರದು, ಅಚ್ಚಿನ ಕೆಲಸ ಮುಕ್ತಿಯ ಹೆಣ್ಣುಮಕ್ಕಳದು. ಹತ್ತಿಪ್ಪತ್ತು ವರ್ಷ ಹಿಡಿದ ಈ ಕೆಲಸವನ್ನು ರಮಾಬಾಯಿ ಮಗಳ ಸಾವಿನ ನಂತರ ಬದಿಗಿಡಲಿಲ್ಲ. ಕರಡು ತಿದ್ದುತ್ತ ಹೋದರು. 1922ರ ಏಪ್ರಿಲ್ 5ರಂದು, ಮಗಳು ಹೋದ ಒಂಬತ್ತು ತಿಂಗಳಿಗೆ, ತಾವೂ ತೀರಿಕೊಂಡರು. ಕರಡು ಮುಗಿಸುವಷ್ಟು ದಿನ ಕೊಡು ಎಂದು ಕೇಳಿಕೊಂಡಿದ್ದರು, ಮುಗಿಸಿದ ಮೇಲೆಯೇ ಕಣ್ಣು ಮುಚ್ಚಿದರು ಎಂದು ಅವರ ಜೀವನಚರಿತ್ರೆಗಳಲ್ಲಿ ಹೇಳುತ್ತ ಬಂದಿದ್ದಾರೆ. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ.

ಕರಡು ತಿದ್ದುವುದು ಎಂದರೇನು ಎಂದು ಯೋಚಿಸಿ. ಅಕ್ಷರ ಅಕ್ಷರಕ್ಕೂ ಕಣ್ಣು ಇಡಬೇಕು. ಯೋಬನ ಮಕ್ಕಳು ಸತ್ತ ಅಧ್ಯಾಯ, ದಾವೀದ ಮಗನಿಗಾಗಿ ಗೋಳಾಡಿದ ಅಧ್ಯಾಯ ಎಲ್ಲವೂ ಆ ಗ್ರಂಥದಲ್ಲಿಯೇ ಇವೆ. ಮಗಳು ಬದುಕಲಿ ಎಂಬ ಷರತ್ತಿನ ಮೇಲೆ ಆ ಕೆಲಸ ನಿಂತಿರಲಿಲ್ಲ. ಹಾಗಾಗಿಯೇ ಮಗಳು ಹೋದ ಮೇಲೂ ಅದು ನಿಲ್ಲಲಿಲ್ಲ. ಕ್ರೈಸ್ತರು ವಿಶ್ವಾಸ ಎನ್ನುವುದು ಇದನ್ನು. ಕೊಟ್ಟರೆ ನಂಬುವುದು ಹರಕೆ. ಕೊಡದ ದಿನವೂ ಎದ್ದು ಅವನ ಕೆಲಸಕ್ಕೆ ಕೂಡುವುದು ಬೇರೆಯೇ ಸಂಗತಿ.

ಆದರೆ ಈ ಮಾತನ್ನು ಹಿಡಿದು, "ನೋಡು, ರಮಾಬಾಯಿ ಹೆಂಗ ಗಟ್ಟಿಯಾಗಿದ್ದಳು, ನೀನೂ ಹಂಗ ಇರು" ಎಂದು ನಿನ್ನೆ ಮೊನ್ನೆ ಮಗು ಕಳೆದುಕೊಂಡವರಿಗೆ ಹೇಳುವುದು ಕ್ರೌರ್ಯವೇ ಸರಿ. ಮಗಳ ಸಾವು ರಮಾಬಾಯಿಯವರಿಗೆ ದೊಡ್ಡ ಪೆಟ್ಟಾಯಿತು ಎಂದೇ ಅವರ ಬಗ್ಗೆ ಬರೆದವರು ಹೇಳುತ್ತಾರೆ. ವಿಶ್ವಾಸ ಇದ್ದವರಿಗೆ ನೋವು ಆಗುವುದಿಲ್ಲ ಎಂದಲ್ಲ.

ಅಳುವುದಕ್ಕೆ ಅಡ್ಡಿಯಿಲ್ಲ

ಕೆಲವು ಪ್ರಾರ್ಥನಾ ಸಭೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅತ್ತರೆ ವಿಶ್ವಾಸ ಕಡಿಮೆ, ಹಾಡಿದರೆ ವಿಶ್ವಾಸ ಜಾಸ್ತಿ ಎಂದು. ಮಗುವಿನ ಪೆಟ್ಟಿಗೆಯ ಮುಂದೆಯೇ ಕೈತಟ್ಟಿ ಹಾಡಿಸುವವರೂ ಇದ್ದಾರೆ. ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲ. ಮಕ್ಕಳನ್ನು ಕಳೆದುಕೊಂಡ ರಾಹೇಲಳು ಸಮಾಧಾನ ಬೇಡ ಎನ್ನುತ್ತಾಳೆಂದು ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಬರುತ್ತದೆ. ಅದೇ ಮಾತನ್ನು ಮತ್ತಾಯನ ಸುವಾರ್ತೆ, ಹೆರೋದ ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ ಕಡೆ ಮತ್ತೆ ಎತ್ತಿಕೊಳ್ಳುತ್ತದೆ. ಸಮಾಧಾನ ಮಾಡಿಕೊಳ್ಳಲಿಲ್ಲ ಎಂದು ಅವಳನ್ನು ಯಾರೂ ಗದರಿಸುವುದಿಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತನು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವವನೇ ಅತ್ತನು. ಶಿಲುಬೆಯ ಮೇಲೆ ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗಿದವನೂ ಅವನೇ.

ಕೀರ್ತನೆಗಳಲ್ಲಿ, ಮರಾಠಿಯವರು ಸ್ತೋತ್ರಸಂಹಿತಾ ಎನ್ನುವ ಭಾಗದಲ್ಲಿ, ದೂರುಗಳು ತುಂಬ ಇವೆ. ಬಹಳಷ್ಟು ದೂರಿನಿಂದ ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತವೆ. 88ನೆಯ ಕೀರ್ತನೆ ಮಾತ್ರ ಹಾಗಲ್ಲ. ಅದು ಕತ್ತಲಿನಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಗ್ರಂಥದಿಂದ ತೆಗೆದುಹಾಕಿಲ್ಲ. ಸಿಟ್ಟಿನಿಂದ ದೇವರ ಜೊತೆ ಮಾತಾಡುವುದೂ ಪ್ರಾರ್ಥನೆಯೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜಗಳಾಡಬೇಕಾದರೂ ಎದುರಿಗೆ ಒಬ್ಬ ಇದ್ದಾನೆ ಎಂಬ ನಂಬಿಕೆ ಬೇಕಲ್ಲ.

ಪೌಲನು ಥೆಸಲೊನೀಕದವರಿಗೆ ಬರೆದ ಪತ್ರವನ್ನು ಸಾವಿನ ಮನೆಗಳಲ್ಲಿ ಓದುವ ಪದ್ಧತಿಯಿದೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎಂಬ ಅರ್ಥದ ಮಾತು ಅದು. ಇದನ್ನು ದುಃಖಪಡಲೇಬೇಡಿ ಎಂದು ಓದಿಬಿಡುವವರು ಬಹಳ. ಪೌಲ ಹೇಳಿದ್ದು ಪುನರುತ್ಥಾನದ ನಿರೀಕ್ಷೆ ಇಟ್ಟುಕೊಂಡು ದುಃಖಪಡಿ ಎಂದು. ತೀರಿಕೊಂಡವರನ್ನು ಕರ್ತನಲ್ಲಿ ನಿದ್ರಿಸಿದರು ಎಂದು ಕ್ರೈಸ್ತರು ಹೇಳುವುದು ಅದಕ್ಕೇ. ನಿದ್ದೆ ಹೋದವರು ಏಳುತ್ತಾರೆ. ಆದರೆ ಬೆಳಿಗ್ಗೆ ಆಗುವ ತನಕ ಕಾಯುವವರಿಗೆ ರಾತ್ರಿ ಉದ್ದವೇ.

ತಾಯಿಯನ್ನು ಬಿಟ್ಟು ಹೇಳಿದ ಕಥೆ

ವಿಶ್ವಾಸದ ಕಥೆಗಳಲ್ಲಿ ಒಂದು ದೋಷ ಉಂಟು. ಗಟ್ಟಿಯಾಗಿ ನಿಂತವರ ಹೆಸರು ಉಳಿಯುತ್ತದೆ, ಕುಸಿದವರದು ಅಳಿಸಿಹೋಗುತ್ತದೆ. ವಿಲಿಯಂ ಕೇರಿ ಹೆಸರು ಕೇಳದ ಕ್ರೈಸ್ತರಿಲ್ಲ. ಬಂಗಾಳದ ಶ್ರೀರಾಮಪುರದಿಂದ ಮರಾಠಿ, ಕನ್ನಡ ಸೇರಿ ಅನೇಕ ಭಾಷೆಗಳಲ್ಲಿ ಬೈಬಲ್ ಭಾಗಗಳನ್ನು ಅಚ್ಚು ಹಾಕಿಸಿದವರು. 1794ರಲ್ಲಿ ಅವರ ಐದು ವರ್ಷದ ಮಗ ಪೀಟರ್ ಭೇದಿ ಹತ್ತಿ ತೀರಿಕೊಂಡ. ಕೇರಿ ದುಃಖ ನುಂಗಿ ಕೆಲಸ ಮುಂದುವರಿಸಿದರು. ಹೆಂಡತಿ ಡೊರೋಥಿಗೆ ಅದು ಆಗಲಿಲ್ಲ. ಗುರುತಿಲ್ಲದ ದೇಶ, ಭಾಷೆ ಬಾರದು, ಮಗ ಮಣ್ಣು ಸೇರಿದ್ದ. ಆಕೆಯ ಮನಸ್ಸು ಕೆಟ್ಟಿತು, 1807ರಲ್ಲಿ ಸಾಯುವ ತನಕ ಸುಧಾರಿಸಲಿಲ್ಲ. ಕೇರಿಯ ಸಾಧನೆ ಹೇಳುವ ಪುಸ್ತಕಗಳು ಬಹಳ ಕಾಲ ಡೊರೋಥಿಯನ್ನು ಅಡ್ಡಿಯೆಂಬಂತೆ ಚಿತ್ರಿಸಿದವು. ಇವತ್ತಿನ ತಿಳಿವಳಿಕೆಯಲ್ಲಿ ನೋಡಿದರೆ ಆಕೆಗೆ ಬೇಕಾಗಿದ್ದದ್ದು ಉಪದೇಶವಲ್ಲ, ವೈದ್ಯರ ನೆರವು. ಆ ಕಾಲದಲ್ಲಿ ಅದು ಇರಲಿಲ್ಲ, ಈಗ ಇದೆ. ಮಗು ಹೋಗಿ ತಿಂಗಳುಗಟ್ಟಲೆ ಊಟ, ನಿದ್ದೆ ಬಿಟ್ಟು, ಸಾಯುವ ಮಾತಾಡುವ ತಾಯಿಯನ್ನು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೋ ಬೇರೆ ಮಾನಸಿಕ ತಜ್ಞರ ಹತ್ತಿರವೋ ಕರೆದುಕೊಂಡು ಹೋಗುವುದು ವಿಶ್ವಾಸಕ್ಕೆ ವಿರುದ್ಧವಲ್ಲ.

ಅಮೆರಿಕದ ಹೊರೇಶಿಯೋ ಸ್ಪ್ಯಾಫರ್ಡ್ ಅವರದು ಇನ್ನೊಂದು ಬಗೆ. 1873ರಲ್ಲಿ ಹಡಗು ಮುಳುಗಿ ಅವರ ನಾಲ್ವರು ಹೆಣ್ಣುಮಕ್ಕಳು ಸತ್ತರು. ನಂತರ ಅವರು ಬರೆದ ಸಮಾಧಾನದ ಹಾಡು ಜಗತ್ತಿನ ತುಂಬ ಚರ್ಚುಗಳಲ್ಲಿ ಹಾಡಲಾಗುತ್ತದೆ. ಅದರ ಮುಂದಿನ ಕಥೆಯನ್ನು ಮಾತ್ರ ಹೇಳುವವರು ಕಡಿಮೆ. 1880ರಲ್ಲಿ ಅವರ ಸಣ್ಣ ಮಗನೂ ಜ್ವರದಿಂದ ತೀರಿಕೊಂಡ. ಆಗ ಅವರ ಸ್ವಂತ ಚರ್ಚಿನಲ್ಲಿಯೇ ಇದು ದೇವರ ಶಿಕ್ಷೆ ಎಂಬ ಮಾತು ಎದ್ದಿತು. ಆ ಕುಟುಂಬ ಚರ್ಚು ಬಿಟ್ಟು, 1881ರಲ್ಲಿ ದೇಶವನ್ನೂ ಬಿಟ್ಟು ಜೆರುಸಲೇಮಿಗೆ ಹೋಯಿತು. ಮಕ್ಕಳ ಸಾವು ತಾಳಿಕೊಂಡವರಿಗೂ ನೆರೆಯವರ ನಾಲಿಗೆ ತಾಳಿಕೊಳ್ಳಲು ಆಗಲಿಲ್ಲ.

ಹಳ್ಳಿಯಲ್ಲಿ ಎದುರಾಗುವ ಪ್ರಶ್ನೆಗಳು

ಯಾರ ಪಾಪ? ಎಲ್ಲ ಸಾವಿನ ಮನೆಗಳಲ್ಲೂ ಗುಸುಗುಸು ಆಗುವ ಪ್ರಶ್ನೆ ಇದು. ಕ್ರೈಸ್ತರಲ್ಲಿ ದಾವೀದನ ಕಥೆಯನ್ನು ಮುಂದೆ ತರುತ್ತಾರೆ, ಯಾಕೆಂದರೆ ಅಲ್ಲಿ ಮಗುವಿನ ಸಾವಿಗೆ ತಂದೆಯ ತಪ್ಪು ಕಾರಣ ಎಂದು ಪ್ರವಾದಿ ನಾತಾನ ಹೇಳುತ್ತಾನೆ. ಆದರೆ ಒಬ್ಬ ರಾಜನಿಗೆ ಒಬ್ಬ ಪ್ರವಾದಿ ಹೇಳಿದ್ದನ್ನು ಎಲ್ಲರ ಮನೆಯ ಬಾಗಿಲಿಗೆ ಅಂಟಿಸಲು ಬರುವುದಿಲ್ಲ. ಹುಟ್ಟುಕುರುಡನನ್ನು ಕಂಡು ಇವನು ಪಾಪ ಮಾಡಿದನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎಂದು ಹೇಳಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು, ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆಗೆದು ಪಾಪದ ಲೆಕ್ಕ ಹೇಳತೊಡಗಿದ ಮೇಲೆ ಕೆಟ್ಟರು. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ, ಕೂಗಾಡಿದ ಯೋಬನ ಮೇಲೆ ಅಲ್ಲ.

ಇನ್ನೂ ಕೆಟ್ಟ ಮಾತು ಎಂದರೆ "ನಿಮ್ಮ ವಿಶ್ವಾಸ ಸಾಲಲಿಲ್ಲ, ಅದಕ್ಕ ಕೂಸು ಉಳೀಲಿಲ್ಲ" ಎನ್ನುವುದು. ಪ್ರಾರ್ಥನೆಯಿಂದಲೇ ಎಲ್ಲ ರೋಗ ವಾಸಿ ಎಂದು ಹೇಳುವವರು ವಾಸಿ ಆಗದಾಗ ತಪ್ಪನ್ನು ತಂದೆತಾಯಿಯ ತಲೆಗೆ ಕಟ್ಟುತ್ತಾರೆ. ಇದು ಮತ್ತೆ ಹರಕೆಯ ಲೆಕ್ಕವೇ, ಹೆಸರು ಮಾತ್ರ ಬೇರೆ. ಬೈಬಲ್ಲಿನಲ್ಲಿ ಪ್ರವಾದಿ ಯೆಶಾಯನೇ ರಾಜ ಹಿಜ್ಕೀಯನ ಹುಣ್ಣಿಗೆ ಅಂಜೂರದ ಲೇಪ ಹಾಕಿಸುತ್ತಾನೆ, ಪೌಲನ ಜೊತೆಗಾರ ಲೂಕ ವೈದ್ಯ. ಸುತ್ತಮುತ್ತಲಿನ ಜಿಲ್ಲೆಗಳಿಗೆಲ್ಲ ಹೆಸರಾದ ಮಿರಜದ ಮಿಷನ್ ಆಸ್ಪತ್ರೆಯನ್ನು 1894ರಲ್ಲಿ ಶುರುಮಾಡಿದ ಡಾ. ವಾನ್‌ಲೆಸ್ ಮಿಷನರಿಯೇ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಡಿ ಎಂದು ಯಾವ ಪ್ರಾರ್ಥನಾ ಸಭೆಯಲ್ಲಿ ಹೇಳಿದರೂ ಕೇಳಬಾರದು.

ದೀಕ್ಷಾಸ್ನಾನ ಆಗುವ ಮೊದಲೇ ಕೂಸು ಹೋದರೆ? ಹುಟ್ಟಿದ ದಿನವೇ ಹೋದ, ಹೊಟ್ಟೆಯಲ್ಲೇ ಹೋದ ಕೂಸುಗಳ ತಾಯಂದಿರನ್ನು ಈ ಭಯ ಕಾಡುತ್ತದೆ. ಅಂಥ ಕೂಸುಗಳು ಸ್ವರ್ಗಕ್ಕೂ ಸೇರದೆ ನರಕಕ್ಕೂ ಸೇರದೆ ಒಂದು ಅಂಚಿನ ಲೋಕದಲ್ಲಿ ಇರುತ್ತವೆ ಎಂಬ ಕಲ್ಪನೆ ಕೆಥೋಲಿಕರಲ್ಲಿ ಶತಮಾನಗಳ ಕಾಲ ಇತ್ತು. ಅದು ಸಭೆಯ ನಿಶ್ಚಿತ ಸಿದ್ಧಾಂತ ಎಂದೂ ಆಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಇದನ್ನು ಪರಿಶೀಲಿಸಿ, ಇಂಥ ಕೂಸುಗಳ ರಕ್ಷಣೆಗೆ ನಿರೀಕ್ಷೆ ಇಡಲು ಗಟ್ಟಿ ಕಾರಣಗಳಿವೆ ಎಂದು ಹೇಳಿತು. ಹೆತ್ತವರು ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದರೆ, ಅದಕ್ಕೆ ಮೊದಲೇ ತೀರಿಕೊಂಡ ಮಗುವಿಗೂ ಬಿಷಪ್ಪರ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದು ಎಂದು ಕೆಥೋಲಿಕ್ ನಿಯಮದಲ್ಲಿಯೇ ಇದೆ. ಬ್ಯಾಪ್ಟಿಸ್ಟ್, ಪೆಂಟಕಾಸ್ಟ್ ಸಭೆಗಳು ಚಿಕ್ಕ ಮಕ್ಕಳಿಗೆ ದೀಕ್ಷಾ ಕೊಡುವುದೇ ಇಲ್ಲ, ಹಾಗಾಗಿ ಅಲ್ಲಿ ಈ ಭಯಕ್ಕೆ ಎಡೆಯಿಲ್ಲ. ಸಿ.ಎನ್.ಐ., ಮೆಥೋಡಿಸ್ಟ್ ಚರ್ಚುಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಉಂಟು. ಅಲ್ಲಿಯ ತಾಯಂದಿರು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಬದಲು ಪಾಳಕರನ್ನು ನೇರ ಕೇಳುವುದು ಒಳ್ಳೆಯದು. ಹೆಸರಿಟ್ಟಿರದ ಕೂಸಾದರೂ ಹೆಸರಿಟ್ಟು, ಆ ಹೆಸರಿನಿಂದಲೇ ಪ್ರಾರ್ಥನೆ ಮಾಡಿಸಿಕೊಳ್ಳಬಹುದು.

ಮಣ್ಣಿನ ವಿಷಯದಲ್ಲಿ ಗಡಿಯ ಹಳ್ಳಿಗಳಲ್ಲಿ ಒಂದು ಗಮನಿಸುವ ಸಂಗತಿ ಇದೆ. ದೊಡ್ಡವರು ಸತ್ತರೆ ಸುಡುವವರು ಬೇರೆ, ಹೂಳುವವರು ಬೇರೆ. ಕೂಸು ಸತ್ತರೆ ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು, ಸುಡುವ ಪದ್ಧತಿಯ ಬಹುಪಾಲು ಮನೆತನದವರು ಕೂಡ, ಎಲ್ಲರೂ ಹೂಳುವವರೇ. ಹೀಗಾಗಿ ಕ್ರೈಸ್ತರ ಮನೆಯ ಕೂಸಿನ ಕುಣಿ ತೋಡಲು ನೆರೆಯವರು ಹಾರೆ ಹಿಡಿದು ಬಂದರೆ ಅವರಿಗೆ ಹೊಸದೇನೂ ಅನಿಸುವುದಿಲ್ಲ. ಪೆಟ್ಟಿಗೆ, ಶಿಲುಬೆ, ಪಾಳಕರ ಪ್ರಾರ್ಥನೆ ಇಷ್ಟೇ ಬೇರೆ.

ಇನ್ನೊಂದು ಬೇರೆಯೂ ಇದೆ. ಇಲ್ಲಿಯ ಅನೇಕ ಜಾತಿಗಳಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಕ್ರೈಸ್ತರಲ್ಲಿ ಹೋಗುತ್ತಾರೆ. ಊರ ರೂಢಿಗೆ ಅಂಜಿ ತಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಲು ಹೊರಟವರಿಗೆ ಗೊತ್ತಿರಲಿ, ಚರ್ಚಿನಲ್ಲಿ ಅಂಥ ನಿಷೇಧವಿಲ್ಲ. ಹೆತ್ತವಳು ಬರುತ್ತೇನೆ ಎಂದರೆ ಬರಬಹುದು, ಕೊನೆಯ ಹಿಡಿ ಮಣ್ಣು ಹಾಕಬಹುದು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲಿ ಕೂಡಬಹುದು. ನವೆಂಬರ್ 2ರಂದು ಅನೇಕ ಕಡೆ ಸಮಾಧಿಗಳಿಗೆ ಸುಣ್ಣ ಬಳಿದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಆ ದಿನ ಬಿಟ್ಟು ಬೇರೆ ದಿನವೂ ಹೋಗಬಾರದು ಎಂದೇನಿಲ್ಲ.